ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಸಜೀವ ಇತಿಹಾಸ

ಗತಿಸಿದ ಕಾಲವನ್ನು ತಿಳಿಯುವುದಕ್ಕೆ ಶಾಸನ, ಗ್ರಂಥ, ನಾಣ್ಯ, ಕಟ್ಟಡ ಮುಂತಾದ ಸಾಧನಗಳಿವೆಯೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಇವೆಲ್ಲವೂ ಮನುಷ್ಯನು ಬಿಟ್ಟುಹೋದ ಜಡವಸ್ತುಗಳು. ಆ ಕಾಲದ ಮನುಷ್ಯನು ಉಟ್ಟ ಬಗೆ, ಉಂಡ ಬಗೆ, ದುಡಿದ ಬಗೆಯನ್ನು ಇಂದಿನ ಮನುಷ್ಯರೇ ಮಾಡಿ ತೋರಿಸುವ ಇನ್ನೊಂದು ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಬೆಳೆದಿದೆ. ಇದಕ್ಕೆ ಅಲ್ಲಿ 'ಲಿವಿಂಗ್ ಹಿಸ್ಟರಿ' ಎಂದು ಹೆಸರು; ಕನ್ನಡದಲ್ಲಿ ಸಜೀವ ಇತಿಹಾಸವೆನ್ನಬಹುದು. 1891ರಲ್ಲಿ ಆರ್ಟುರ್ ಹಾಸೇಲಿಯುಸ್ ಎಂಬಾತನು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ತೆರೆದನು. ನಾನಾ ಪ್ರಾಂತಗಳಿಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿ, ಆಯಾ ಪ್ರಾಂತದ ಉಡುಪು ತೊಟ್ಟವರನ್ನು ಅಲ್ಲಿ ಇರಿಸಿದನು. ಈ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು ಮುಖ್ಯವಾದುದು.

ಹಳ್ಳಿಯ ಬಾಳನ್ನು ಹೀಗೆ ತೋರಿಸುವುದರಲ್ಲಿ ಹೆಚ್ಚಿನ ತೊಡಕಿಲ್ಲ. ನೂಲುವವಳು ನಿಜವಾಗಿಯೇ ನೂಲುತ್ತಾಳೆ. ಕಮ್ಮಾರನು ನಿಜವಾಗಿಯೇ ಕಬ್ಬಿಣ ಕಾಸುತ್ತಾನೆ. ಆದರೆ ಕಾಪಾಡಬೇಕಾದ ಸ್ಥಳವು ಒಂದು ರಣರಂಗವಾಗಿದ್ದರೆ? ಅಲ್ಲಿ ನಡೆದ ಮುಖ್ಯ ಕಾರ್ಯವು ಕೊಲ್ಲುವುದು ಮತ್ತು ಸಾಯುವುದು. ಅದನ್ನು 'ಮಾಡಿ' ತೋರಿಸುವುದೆಂದರೇನು? ಈ ಪ್ರಶ್ನೆಯನ್ನು ಅತ್ಯಂತ ದೀರ್ಘಕಾಲ ಎದುರಿಸಿದ ಸ್ಥಳಗಳಲ್ಲೊಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೆನ್ಸಿಲ್ವೇನಿಯ ರಾಜ್ಯದಲ್ಲಿರುವ ಗೆಟಿಸ್‌ಬರ್ಗ್ ರಾಷ್ಟ್ರೀಯ ಸೈನಿಕ ಉದ್ಯಾನ. ಅಲ್ಲಿನ ಅನುಭವವು ವಿಚಾರಾರ್ಹವಾಗಿದೆ.

ಮೊದಲು ಯುದ್ಧದ ಸಂಗತಿ. ಅಮೆರಿಕದ ಅಂತರ್ಯುದ್ಧವು 1861ರಿಂದ 1865ರವರೆಗೆ ನಡೆಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಹಟದಿಂದ ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟವನ್ನು ತೊರೆದು ಪ್ರತ್ಯೇಕ ಸರ್ಕಾರ ಹೂಡಿದವು. 1863ರ ಬೇಸಗೆಯಲ್ಲಿ ದಕ್ಷಿಣದ ಸೇನಾನಿ ರಾಬರ್ಟ್ ಲೀ ತನ್ನ ದಂಡನ್ನು ಉತ್ತರದ ನೆಲಕ್ಕೆ ನುಗ್ಗಿಸಿದನು. ಜುಲೈ 1, 2, 3 ಈ ಮೂರು ದಿನ, ಸುಮಾರು 2,400 ಜನ ವಾಸಿಸುತ್ತಿದ್ದ ಗೆಟಿಸ್‌ಬರ್ಗ್ ಎಂಬ ಸಣ್ಣ ಪಟ್ಟಣದ ಸುತ್ತ ಎರಡೂ ಕಡೆಯ ಒಂದೂವರೆ ಲಕ್ಷಕ್ಕೂ ಮಿಕ್ಕ ಸೈನಿಕರು ಹೋರಾಡಿದರು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000. ಮೂರನೆಯ ದಿನದ ಅಪರಾಹ್ಣದಲ್ಲಿ ದಕ್ಷಿಣದ ಸುಮಾರು 12,500 ಮಂದಿ ಮುಕ್ಕಾಲು ಮೈಲಿಗೂ ಹೆಚ್ಚಿನ ಬಯಲನ್ನು ಮರೆಯಿಲ್ಲದೆ ದಾಟಿ ಉತ್ತರದವರ ಕಲ್ಲುಗೋಡೆಯ ಮೇಲೆ ಏರಿಹೋದರು. ಪಿಕೆಟ್ಟನ ದಾಳಿಯೆಂದು ಪ್ರಸಿದ್ಧವಾದ ಆ ನಡಿಗೆಯಲ್ಲಿ ಅರ್ಧದಷ್ಟು ಮಂದಿ ನಷ್ಟವಾದರು. ಲೀ ಹಿಮ್ಮೆಟ್ಟಿದನು. ಅದೇ ವರ್ಷ ನವೆಂಬರ್ 19ರಂದು, ಸತ್ತ ಸೈನಿಕರ ಸ್ಮಶಾನವನ್ನು ಸಮರ್ಪಿಸುವ ಸಮಾರಂಭದಲ್ಲಿ ಅಧ್ಯಕ್ಷ ಲಿಂಕನ್ ಮಾಡಿದ ಭಾಷಣವು ಎರಡು ಮೂರು ನಿಮಿಷದ್ದಾದರೂ ಲೋಕವಿಖ್ಯಾತವಾಯಿತು.

ಯುದ್ಧ ಮುಗಿದ ಮರುವರ್ಷವೇ, ಅಂದರೆ 1864ರಲ್ಲಿ, ರಣಭೂಮಿಯನ್ನು ಕಾಪಾಡುವುದಕ್ಕಾಗಿ ಸ್ಥಳೀಯರ ಒಂದು ಸಂಘ ಹುಟ್ಟಿತು. ಅಂತರ್ಯುದ್ಧವಿನ್ನೂ ಮುಗಿದಿರಲಿಲ್ಲವೆಂಬುದು ಗಮನಾರ್ಹ. 1895ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಗಿ ಯುದ್ಧ ಇಲಾಖೆಯ ವಶಕ್ಕೆ ಬಂದು, 1933ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ ಎಂಬ ಇಲಾಖೆಗೆ ವರ್ಗವಾಯಿತು. ಇಂದು ಅದರ ವಿಸ್ತೀರ್ಣ ಸುಮಾರು 6,000 ಎಕರೆ. ಅದರಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳಿವೆ. ಇಲ್ಲಿ ಉದ್ಯಾನವೆಂದರೆ ಹೂದೋಟವಲ್ಲ. 1863ರಲ್ಲಿ ಹೊಲವಿದ್ದಲ್ಲಿ ಹೊಲ, ಹಣ್ಣಿನ ತೋಪಿದ್ದಲ್ಲಿ ತೋಪು, ಬೇಲಿಯಿದ್ದಲ್ಲಿ ಬೇಲಿ ಇರಬೇಕೆಂಬುದು ಅಲ್ಲಿನ ಸಂಕಲ್ಪ. ಅದಕ್ಕಾಗಿ ಯುದ್ಧಾನಂತರ ಬೆಳೆದ ಕಾಡನ್ನು ಕಡಿದು ತೆಗೆದದ್ದೂ ಉಂಟು. ಪ್ರವಾಸಿಗಳು ಹತ್ತಿ ನೋಡಲೆಂದು ಖಾಸಗಿಯವರು ಕಟ್ಟಿದ್ದ 300 ಅಡಿಗೂ ಮಿಕ್ಕ ಎತ್ತರದ ಗೋಪುರವನ್ನು 2000ದ ಜುಲೈ 3ರಂದು ಉರುಳಿಸಲಾಯಿತು. ಆ ಗೋಪುರದಿಂದ ರಣಭೂಮಿಯೆಲ್ಲವೂ ಕಾಣುತ್ತಿತ್ತು, ರಣಭೂಮಿಯಲ್ಲಿ ಎಲ್ಲಿ ನಿಂತರೂ ಆ ಗೋಪುರ ಕಾಣುತ್ತಿತ್ತು; ಅದೇ ಅದರ ದೋಷ.

ಇಂತಹ ನೆಲದ ಮೇಲೆ ಯುದ್ಧವನ್ನು ಮತ್ತೆ ಆಡಿ ತೋರಿಸುವ ಆಸೆ ಹುಟ್ಟುವುದು ಸಹಜ. 1922ರಲ್ಲಿ ಅಮೆರಿಕದ ನೌಕಾಪದಾತಿ ಸೈನಿಕರು ಅಧ್ಯಕ್ಷ ಹಾರ್ಡಿಂಗರ ಸಮಕ್ಷಮದಲ್ಲಿ ಪಿಕೆಟ್ಟನ ದಾಳಿಯನ್ನು ಗೆಟಿಸ್‌ಬರ್ಗಿನ ಬಯಲಿನಲ್ಲಿಯೇ ಅಭಿನಯಿಸಿದರು. ಆ ತಾಲೀಮಿನ ಕಾಲದಲ್ಲಿ ವಿಮಾನವೊಂದು ಬಿದ್ದು ಇಬ್ಬರು ನಿಜವಾಗಿಯೇ ಸತ್ತರು. 1961ರ ಜುಲೈಯಲ್ಲಿ, ಅಂತರ್ಯುದ್ಧದ ಶತಮಾನೋತ್ಸವದ ನಿಮಿತ್ತ, ವರ್ಜೀನಿಯದ ಮನಾಸಸ್ ರಣಭೂಮಿಯಲ್ಲಿ ಭಾರಿ ಪ್ರಮಾಣದ ಅಣಕು ಯುದ್ಧವೊಂದು ನಡೆಯಿತು. ಎರಡು ಸಾವಿರಕ್ಕೂ ಹೆಚ್ಚು ಜನ ಸೈನಿಕವೇಷ ಧರಿಸಿದ್ದರು. ಸಹಸ್ರಾರು ಪ್ರೇಕ್ಷಕರು ಕಟ್ಟೆಗಳ ಮೇಲೆ ಕುಳಿತು ಅದನ್ನು ನೋಡಿದರು. ನೂರು ವರ್ಷಗಳ ಹಿಂದೆ ತಮ್ಮ ಹಿರಿಯರು ಬಿದ್ದ ನೆಲದಲ್ಲಿ ಪ್ರೇಕ್ಷಕರು ತಿಂಡಿ ತಿನ್ನುತ್ತ ಸಾವಿನ ವೇಷವನ್ನು ನೋಡುವುದು ಎಷ್ಟರಮಟ್ಟಿಗೆ ಯುಕ್ತವೆಂಬ ಆಕ್ಷೇಪಣೆ ಆಗ ಎದ್ದಿತು. ತರುವಾಯ ಇಲಾಖೆಯು ತನ್ನ ನೆಲದಲ್ಲಿ ಇಂತಹ ಪ್ರದರ್ಶನಗಳನ್ನು ನಿಲ್ಲಿಸಿತು. ಅದರ 2006ನೆಯ ವರ್ಷದ ಆಡಳಿತ ನೀತಿಯಲ್ಲಿ ಇದು ಸ್ಪಷ್ಟವಾಗಿದೆ: ಎದುರುಬದುರಾದ ಸಾಲುಗಳು ಪರಸ್ಪರ ಗುಂಡು ಹಾರಿಸುವುದು, ಗಾಯಗೊಂಡಂತೆ ಬೀಳುವುದು, ಕೈಕೈ ಮಿಲಾಯಿಸುವುದು ಮುಂತಾದ ಯಾವ ಬಗೆಯ ಅಣಕು ಯುದ್ಧಕ್ಕೂ ಯಾವ ಉದ್ಯಾನದಲ್ಲಿಯೂ ಅವಕಾಶವಿಲ್ಲ. ಎಷ್ಟೇ ಸಂಶೋಧನೆ ನಡೆಸಿ, ಎಷ್ಟೇ ಸದುದ್ದೇಶದಿಂದ ಮಾಡಿದರೂ ಯುದ್ಧದ ದುರಂತವನ್ನು ಮರಳಿ ತರಲಾಗದೆಂಬುದೇ ಅದಕ್ಕೆ ಕೊಟ್ಟಿರುವ ಕಾರಣ. ಅಣಕು ಯುದ್ಧದ ಹವ್ಯಾಸಿಗಳು ಗೆಟಿಸ್‌ಬರ್ಗಿನಲ್ಲಿ ವಾರ್ಷಿಕೋತ್ಸವದ ಕಾಲಕ್ಕೆ ತಮ್ಮ ಆಟವನ್ನು ಉದ್ಯಾನದ ಎಲ್ಲೆಯ ಹೊರಗೆ ಖಾಸಗಿ ಹೊಲಗಳಲ್ಲಿ ನಡೆಸುತ್ತ ಬಂದಿದ್ದಾರೆ.

ಈ ನಿಯಮವನ್ನು ಓದಿದ ಸಂಸ್ಕೃತ ವಿದ್ಯಾರ್ಥಿಗೆ ಭರತಮುನಿಯ ನೆನಪಾಗದೆ ಇರದು. ನಾಟ್ಯಶಾಸ್ತ್ರದ ದಶರೂಪಕ ಪ್ರಕರಣದಲ್ಲಿ ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವುಗಳನ್ನು ಅಂಕದೊಳಗೆ ಪ್ರತ್ಯಕ್ಷವಾಗಿ ತೋರಿಸಲಾಗದು, ಪ್ರವೇಶಕಾದಿಗಳಿಂದ ಸೂಚಿಸಬೇಕು ಎಂಬ ವಿಧಿಯಿದೆ. ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣ ಬಿಡುತ್ತಾನಲ್ಲವೇ ಎಂದು ಕೇಳುವವರುಂಟು. ಅದು ನಿಜ. ಆದರೆ ಆ ನಾಟಕದಲ್ಲಿಯೂ ಗದಾಯುದ್ಧವನ್ನು ನಾವು ಕಣ್ಣಾರೆ ಕಾಣುವುದಿಲ್ಲ; ವಿಷ್ಕಂಭಕದಲ್ಲಿ ಮೂವರು ಭಟರು ಬಂದು ಅದನ್ನು ವರ್ಣಿಸುತ್ತಾರೆ. ಎರಡು ಸಾವಿರ ವರ್ಷಗಳಷ್ಟು ಅಂತರವಿರುವ ಎರಡು ವಿಧಿಗಳು, ಒಂದು ರಸದ ದೃಷ್ಟಿಯಿಂದ, ಇನ್ನೊಂದು ಮೃತರ ಗೌರವದ ದೃಷ್ಟಿಯಿಂದ, ಒಂದೇ ಕಡೆ ಬಂದು ನಿಂತಿರುವುದು ಸೋಜಿಗವಾಗಿದೆ. ಭಟರ ವರ್ಣನೆಯ ಸ್ಥಾನದಲ್ಲಿ ಗೆಟಿಸ್‌ಬರ್ಗಿನಲ್ಲಿ ಉದ್ಯಾನಪಾಲಕನ ವಿವರಣೆಯಿದೆ.

ಹಾಗಾದರೆ ಅಲ್ಲಿ ಮಾಡಿ ತೋರಿಸುವುದೇನು? ವಸಂತದಿಂದ ಶರತ್ಕಾಲದವರೆಗೆ, ವಿಶೇಷವಾಗಿ ವಾರಾಂತ್ಯಗಳಲ್ಲಿ, ಸ್ವಯಂಸೇವಕರ ತಂಡಗಳು ಬಂದು ರಣಭೂಮಿಯಲ್ಲಿ ಬಿಡಾರ ಹೂಡುತ್ತವೆ. ಇವರಿಗೆ ಸಂಬಳವಿಲ್ಲ. ಉಡುಪು, ಕೋವಿ, ಗುಡಾರ ಎಲ್ಲವನ್ನೂ ಬಹುಮಟ್ಟಿಗೆ ಸ್ವಂತ ಖರ್ಚಿನಿಂದ ಹೊಂದಿಸಿಕೊಂಡವರು. ಉಣ್ಣೆಯ ಅಂಗಿ, ಉಣ್ಣೆಯ ಷರಾಯಿ, ಬೆನ್ನಿಗೆ ಚೀಲ, ಸೊಂಟಕ್ಕೆ ತೋಟಾಪೆಟ್ಟಿಗೆ. 1863ರ ಜುಲೈ 3ರ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿನ ಕಾಲೇಜಿನ ಉಪಾಧ್ಯಾಯ ಮೈಕೇಲ್ ಜೇಕಬ್ಸ್ ಉಷ್ಣಮಾಪಕವನ್ನು ನೋಡಿ 87 ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆದಿಟ್ಟಿದ್ದಾನೆ. ನಮ್ಮ ಬಯಲುಸೀಮೆಯವರಿಗೆ ಅದು ದೊಡ್ಡ ಬಿಸಿಲಲ್ಲ. ಆದರೆ ಉಣ್ಣೆಯನ್ನುಟ್ಟು, ಹೊರೆ ಹೊತ್ತು, ಹಲವು ದಿನಗಳ ದಾರಿ ನಡೆದು ಬಂದವನಿಗೆ ಅದೇನೆಂಬುದು ಅಂಕೆಯಿಂದ ತಿಳಿಯುವುದಿಲ್ಲ. ಜುಲೈ ಬಿಸಿಲಿನಲ್ಲಿ ಆ ಅಂಗಿ ತೊಟ್ಟು ಬೆವರುತ್ತ ನಿಂತವನನ್ನು ಹತ್ತಿರದಿಂದ ಕಂಡ ಬಾಲಕನಿಗೆ ತಿಳಿಯುತ್ತದೆ.

ಬಿಡಾರದಲ್ಲಿ ಒಲೆ ಹೊತ್ತಿಸಿ ಕಾಫಿ ಕಾಯಿಸುತ್ತಾರೆ. ಹಿಟ್ಟು, ನೀರು ಕಲಸಿ ಸುಟ್ಟ 'ಹಾರ್ಡ್‌ಟ್ಯಾಕ್' ಎಂಬ ಬಿಲ್ಲೆಯನ್ನು ತೋರಿಸುತ್ತಾರೆ. ಕಾಫಿಯಲ್ಲಿ ನೆನೆಸದೆ ಅದನ್ನು ಕಡಿಯುವುದು ಕಷ್ಟ. ಸೈನಿಕನ ಕಾಗದಗಳನ್ನು ಓದಿದವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಅವುಗಳಲ್ಲಿ ಯುದ್ಧಕ್ಕಿಂತ ಊಟ, ನಡಿಗೆ, ಮಳೆ, ಕಾಯಿಲೆಗಳ ಮಾತೇ ಹೆಚ್ಚು. ಆ ಯುದ್ಧದಲ್ಲಿ ಶಸ್ತ್ರಕ್ಕೆ ಸಿಕ್ಕಿ ಸತ್ತವರಿಗಿಂತ ರೋಗದಿಂದ ಸತ್ತವರೇ ಅಧಿಕ. ಆದುದರಿಂದ ಬಿಡಾರದ ಬಾಳನ್ನು ತೋರಿಸುವುದು ಯುದ್ಧವನ್ನು ಬಿಟ್ಟುಬಿಡುವುದಲ್ಲ. ಸೈನಿಕನ ದಿನಗಳಲ್ಲಿ ಬಹುಪಾಲನ್ನು ತೋರಿಸುವುದೇ ಆಗಿದೆ.

ಜನರು ಹೆಚ್ಚಾಗಿ ಕೂಡುವುದು ಕೋವಿ ಹಾರಿಸುವ ಪ್ರದರ್ಶನಕ್ಕೆ. ಮೂಲದ ಹಳೆಯ ಆಯುಧಗಳನ್ನು ಇದಕ್ಕೆ ಬಳಸುವುದಿಲ್ಲ. ಅವುಗಳ ಪ್ರತಿಕೃತಿಗಳನ್ನು, ಗುಂಡಿಲ್ಲದೆ ಬರಿಯ ಮದ್ದು ತುಂಬಿ, ಪ್ರೇಕ್ಷಕರಿಂದ ದೂರದಲ್ಲಿ, ತರಬೇತಾದ ಮೇಲ್ವಿಚಾರಕನ ಅಪ್ಪಣೆಯಂತೆ ಹಾರಿಸುತ್ತಾರೆ. ಅಂದಿನ ಪದಾತಿಯ ಮುಖ್ಯ ಆಯುಧ ಸ್ಪ್ರಿಂಗ್‌ಫೀಲ್ಡ್ ಮಾದರಿಯ ಕೋವಿ. ತೂಕ ಸುಮಾರು ನಾಲ್ಕು ಕಿಲೋಗ್ರಾಂ. ಮದ್ದನ್ನೂ ಸೀಸದ ಗುಂಡನ್ನೂ ಒಂದು ಕಾಗದದ ಸುರುಳಿಯಲ್ಲಿ ಕಟ್ಟಿರುತ್ತಿದ್ದರು. ಸುರುಳಿಯನ್ನು ಪೆಟ್ಟಿಗೆಯಿಂದ ತೆಗೆದು, ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನಿಟ್ಟು, ಸಲಾಕೆಯನ್ನು ಎಳೆದು, ಗುಂಡನ್ನು ಅಡಿಗೆ ದಟ್ಟಿಸಿ, ಸಲಾಕೆಯನ್ನು ಅದರ ಸ್ಥಾನಕ್ಕೆ ಸೇರಿಸಿ, ಹಿಂಬದಿಯ ಮೊಲೆಗೆ ತಾಮ್ರದ ಸಣ್ಣ ಟೊಪ್ಪಿಗೆಯನ್ನು ತೊಡಿಸಿ ಹಾರಿಸಬೇಕು. ಹಾರ್ಡಿ ಎಂಬ ಅಧಿಕಾರಿ 1855ರಲ್ಲಿ ಬರೆದ ಕವಾಯತು ಪುಸ್ತಕವನ್ನು ಎರಡೂ ಕಡೆಯವರು ಅನುಸರಿಸಿದರು. ಅದರಲ್ಲಿ ಈ ಕ್ರಿಯೆಯನ್ನು ಒಂಬತ್ತು ಹಂತಗಳಾಗಿ ವಿಭಾಗಿಸಿದೆ. ಎದುರು ಹಲ್ಲಿಲ್ಲದವನು ಸೈನ್ಯಕ್ಕೆ ಸಲ್ಲುತ್ತಿರಲಿಲ್ಲವೆಂಬುದರ ಕಾರಣ ಈಗ ತಿಳಿಯುತ್ತದೆ. ಪಳಗಿದವನು ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲನು. ಪ್ರದರ್ಶನಕಾರರು ಬಹುಮಟ್ಟಿಗೆ ಅಷ್ಟನ್ನು ಸಾಧಿಸುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸತಕ್ಕದ್ದಿದೆ. ಗೆಟಿಸ್‌ಬರ್ಗಿನ ಯುದ್ಧವಾದ ಮೇಲೆ ಬಯಲಿನಿಂದ ಆಯ್ದು ತಂದ ಸುಮಾರು 27,000 ಕೋವಿಗಳ ವಿಷಯದಲ್ಲಿ ಹೆಸರಾದ ಒಂದು ವರದಿಯುಂಟು. ಅದರ ಪ್ರಕಾರ ಅವುಗಳಲ್ಲಿ ಸುಮಾರು 24,000 ಕೋವಿಗಳು ತುಂಬಿದಂತೆಯೇ ಇದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದರಂತೆ ಎರಡು ತೋಟಾಗಳಿದ್ದವು. ಇನ್ನು ಕಾಲುಭಾಗದಲ್ಲಿ ಮೂರರಿಂದ ಹತ್ತರವರೆಗೆ ಇದ್ದವು. ಒಂದರಲ್ಲಿ 23 ತೋಟಾಗಳು. ಎಂದರೆ ಒಬ್ಬ ಸೈನಿಕನು ಇಪ್ಪತ್ತಮೂರು ಸಲ ತುಂಬಿದನು, ಒಂದು ಸಲವೂ ಹಾರಿಸಲಿಲ್ಲ. ಅವನು ಟೊಪ್ಪಿಗೆ ತೊಡಿಸುವುದನ್ನು ಮರೆತನೋ, ಸುತ್ತಲಿನ ಮೊಳಗಿನಲ್ಲಿ ತನ್ನ ಕೋವಿ ಹಾರಿತೆಂದೇ ಭ್ರಮಿಸಿದನೋ, ಎದುರಿನ ಮನುಷ್ಯನನ್ನು ಕೊಲ್ಲಲು ಕೈಬಾರದೆ ತುಂಬುವ ನಟನೆ ಮಾಡುತ್ತಲೇ ನಿಂತನೋ, ಹೇಳುವವರಿಲ್ಲ. ವಿದ್ವಾಂಸರು ಈ ಮೂರನ್ನೂ ಊಹಿಸಿದ್ದಾರೆ. ಪ್ರದರ್ಶನದ ಬಯಲಿನಲ್ಲಿ ಒಂಬತ್ತು ಹಂತಗಳೂ ತಪ್ಪಿಲ್ಲದೆ ನಡೆಯುತ್ತವೆ, ಏಕೆಂದರೆ ಅಲ್ಲಿ ಭಯವಿಲ್ಲ. ನಿಜವಾದ ರಣದಲ್ಲಿ ನಡೆದ ಮುಖ್ಯ ಸಂಗತಿಯೆಂದರೆ ಆ ತಪ್ಪುಗಳೇ. ಸಜೀವ ಇತಿಹಾಸದ ಎಲ್ಲೆ ಇಲ್ಲಿದೆ. ಒಳ್ಳೆಯ ಪ್ರದರ್ಶನಕಾರನು ಹಾರಿಸಿ ಮುಗಿಸಿದ ಮೇಲೆ ಆ ಕೋವಿಗಳ ಕಥೆಯನ್ನು ಬಾಯಿಂದ ಹೇಳುತ್ತಾನೆ. ಹೇಳದವನು ಬರಿಯ ಸದ್ದನ್ನು ತೋರಿಸಿದಂತಾಯಿತು.

ಅನುಕರಣದ ವಿಚಾರದಲ್ಲಿ ನಮ್ಮ ಆಲಂಕಾರಿಕರು ನಡೆಸಿದ ಚರ್ಚೆಯೂ ಇಲ್ಲಿ ಪ್ರಯೋಜನಕಾರಿ. ನಟನು ರಾಮನ ಸ್ಥಾಯಿಯನ್ನು ಅನುಕರಿಸುತ್ತಾನೆ, ಪ್ರೇಕ್ಷಕನು ಚಿತ್ರದ ಕುದುರೆಯನ್ನು ಕುದುರೆಯೆಂದು ಅರಿಯುವಂತೆ ಅವನನ್ನು ರಾಮನೆಂದು ಅರಿಯುತ್ತಾನೆ ಎಂದು ಶಂಕುಕನ ಮತ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನು ಖಂಡಿಸಿದನು. ರಾಮನ ಚಿತ್ತವೃತ್ತಿಯನ್ನು ಕಂಡವರಾರು? ಕಾಣದುದನ್ನು ಅನುಕರಿಸುವುದೆಂತು? ಗೆಟಿಸ್‌ಬರ್ಗಿನ ಸೈನಿಕನನ್ನು ಅನುಕರಿಸುವವರಿಗೂ ಈ ಆಕ್ಷೇಪ ತಟ್ಟುತ್ತದೆ. ಅಲ್ಲಿನ ವ್ಯಾಖ್ಯಾನಕಾರರಲ್ಲಿ ಎರಡು ಕ್ರಮಗಳಿವೆ. ತಾನೇ 1863ರ ಮನುಷ್ಯನೆಂಬಂತೆ 'ನಾನು' ಎಂದು ಮಾತನಾಡುವುದು ಒಂದು. ಸಮರ್ಪಣ ದಿನವಾದ ನವೆಂಬರ್ 19ರಂದು ಲಿಂಕನ್ನನ ವೇಷ ಧರಿಸಿ ಭಾಷಣವನ್ನು ಒಪ್ಪಿಸುವುದು ಈ ಬಗೆಯದು. ಉಡುಪು ಮಾತ್ರ ಅಂದಿನದಾಗಿದ್ದು, 'ಅವರು ಹೀಗೆ ಮಾಡುತ್ತಿದ್ದರು' ಎಂದು ಇಂದಿನವನಾಗಿಯೇ ವಿವರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಆಕರ್ಷಣೆ ಹೆಚ್ಚು. ಎರಡನೆಯದರಲ್ಲಿ ಸತ್ಯ ಹೆಚ್ಚು. ಎರಡನೆಯವನು ಮನಸ್ಸನ್ನು ಅನುಕರಿಸುವುದಿಲ್ಲ; ಕವಾಯತು ಪುಸ್ತಕದಲ್ಲಿ ಬರೆದ ಕ್ರಿಯೆಯನ್ನು ಮಾತ್ರ ಮರಳಿ ಮಾಡುತ್ತಾನೆ. ಭಟ್ಟತೌತನ ಆಕ್ಷೇಪ ಅವನಿಗೆ ತಗಲುವುದಿಲ್ಲ.

ವೇಷವೂ ಇಲ್ಲದೆ ನಡೆದ ಒಂದು ಕಾರ್ಯಕ್ರಮವನ್ನು ಇಲ್ಲಿ ಹೇಳಬೇಕು. ಯುದ್ಧದ 150ನೆಯ ವರ್ಷವಾದ 2013ರ ಜುಲೈ 3ರಂದು, ಪಿಕೆಟ್ಟನ ದಾಳಿ ನಡೆದ ಬಯಲನ್ನು ಸಹಸ್ರಾರು ಸಾಮಾನ್ಯ ಜನರು ಉದ್ಯಾನಪಾಲಕರ ಹಿಂದೆ ನಡೆದು ದಾಟಿದರು. ಕೋವಿಯಿಲ್ಲ, ಬೀಳುವಿಕೆಯಿಲ್ಲ, ನಡೆಯುವುದು ಮಾತ್ರ. ಕಲ್ಲುಗೋಡೆಯ ಬಳಿ ಇನ್ನೊಂದು ಗುಂಪು ಅವರನ್ನು ಕಾದು ನಿಂತಿತ್ತು. ಆ ನೆಲವು ನಕ್ಷೆಯಲ್ಲಿ ಕಾಣುವಂತೆ ಸಮತಟ್ಟಲ್ಲ. ನಡುವೆ ತಗ್ಗುಗಳಿವೆ, ತಗ್ಗಿಗೆ ಇಳಿದವನಿಗೆ ಎದುರಿನ ಗೋಡೆ ಮರೆಯಾಗುತ್ತದೆ, ಏರಿದೊಡನೆ ಮತ್ತೆ ಕಾಣುತ್ತದೆ. ಇದು ಕಾಲಿಗೆ ತಿಳಿಯುವ ಇತಿಹಾಸ. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನಟನಿಲ್ಲ, ಉದ್ದೀಪನ ವಿಭಾವವೊಂದೇ ಇದೆ, ಅಷ್ಟೇ ಸಾಕಾಗಿದೆ. ಈ ಬಗೆಯ ಕಾರ್ಯಕ್ರಮಗಳಲ್ಲಿ ಇದೇ ಶ್ರೇಷ್ಠವೆನ್ನಬೇಕು.

ಸೈನಿಕರಲ್ಲದವರ ಪಾಲೂ ಅಲ್ಪವಲ್ಲ. ಸೈನ್ಯಗಳು ಹೊರಟುಹೋದ ಮೇಲೆ 20,000ಕ್ಕೂ ಹೆಚ್ಚು ಗಾಯಾಳುಗಳು ಆ ಸಣ್ಣ ಊರಿನಲ್ಲಿ ಉಳಿದರು. ಎವರ್‌ಗ್ರೀನ್ ಸ್ಮಶಾನದ ಕಾವಲುಗಾರನು ಯುದ್ಧಕ್ಕೆ ಹೋಗಿದ್ದುದರಿಂದ ಅವನ ಪತ್ನಿ ಎಲಿಜಬೆತ್ ಥಾರ್ನ್ ಆರು ತಿಂಗಳ ಗರ್ಭಿಣಿಯಾಗಿದ್ದರೂ ಮುದಿ ತಂದೆಯೊಡನೆ ಸೇರಿ ನೂರರಷ್ಟು ಶವಗಳಿಗೆ ಗುಂಡಿ ತೋಡಿದಳು. ಶಸ್ತ್ರವೈದ್ಯನ ವೇಷದವರು ಗರಗಸ, ಚೂರಿಗಳನ್ನು ಹರಡಿ ತೋರಿಸುವಾಗ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದುತ್ತಾರೆ. ಅಂದಿನ ಅಂಗಚ್ಛೇದನಗಳು ಬಹುತೇಕ ಕ್ಲೋರೋಫಾರಂ ಅಥವಾ ಈಥರ್ ಕೊಟ್ಟೇ ನಡೆದವು. ಇಲ್ಲದಿದ್ದುದು ಶುಚಿತ್ವದ ಅರಿವು. ಜೋಸೆಫ್ ಲಿಸ್ಟರ್ ತನ್ನ ಸಿದ್ಧಾಂತವನ್ನು ಪ್ರಕಟಿಸಿದ್ದು 1867ರಲ್ಲಿ.

ಇಷ್ಟೆಲ್ಲ ಸೂಕ್ಷ್ಮವಾಗಿ ಗುಂಡಿ, ಹೊಲಿಗೆ, ಬಟ್ಟೆಯ ಬಣ್ಣಗಳವರೆಗೂ ನಿಷ್ಠೆ ತೋರುವ ಸಜೀವ ಇತಿಹಾಸವು ಬಹುಕಾಲ ಒಂದು ದೊಡ್ಡ ವಿಷಯವನ್ನು ತೋರಿಸದೆಯೇ ಬಿಟ್ಟಿತು. ಭರತನ ನಿಷೇಧಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ತೋರಿಸದೆ ಸೂಚಿಸುವುದು, ಇದು ಸೂಚಿಸದೆ ಮರೆಸುವುದು. ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯೇ ಆ ವಿಷಯ. 1913ರಲ್ಲಿ ಐವತ್ತನೆಯ ವಾರ್ಷಿಕೋತ್ಸವಕ್ಕೆ 50,000ಕ್ಕೂ ಹೆಚ್ಚು ಹಳೆಯ ಸೈನಿಕರು ಗೆಟಿಸ್‌ಬರ್ಗಿನಲ್ಲಿ ಸೇರಿದರು. ಎರಡೂ ಕಡೆಯ ಮುದುಕರು ಅದೇ ಕಲ್ಲುಗೋಡೆಯ ಬಳಿ ಕೈಕುಲುಕಿದರು. ಅಧ್ಯಕ್ಷ ವಿಲ್ಸನ್ನರು ಸೌಹಾರ್ದವನ್ನು ಕೊಂಡಾಡಿ ಮಾತನಾಡಿದರು; ಆ ಭಾಷಣದಲ್ಲಿ ಗುಲಾಮರ ಪ್ರಸ್ತಾಪ ಬರಲಿಲ್ಲ. ಲೀಯ ದಂಡಿನೊಡನೆ ಸಹಸ್ರಾರು ಕಪ್ಪು ಗುಲಾಮರು ಅಡಿಗೆಯವರಾಗಿ, ಬಂಡಿ ಹೊಡೆಯುವವರಾಗಿ ಬಂದಿದ್ದರು. ಅಷ್ಟೇ ಅಲ್ಲ, ಆ ದಂಡು ಪೆನ್ಸಿಲ್ವೇನಿಯಕ್ಕೆ ಬಂದಾಗ ಅಲ್ಲಿ ಸ್ವತಂತ್ರರಾಗಿ ಬಾಳುತ್ತಿದ್ದ ಕಪ್ಪು ಜನರನ್ನೂ ಹಿಡಿದು ದಕ್ಷಿಣಕ್ಕೆ ಅಟ್ಟಿತು. ದಕ್ಷಿಣದವರ ಬಿಡಾರವನ್ನು ಹೂಡಿ ಕಾಫಿ ಕಾಯಿಸಿ ತೋರಿಸುವಾಗ, ನಿಜದಲ್ಲಿ ಆ ಕಾಫಿಯನ್ನು ಅನೇಕ ವೇಳೆ ಕಾಯಿಸಿದವನು ಯಾರು ಎಂಬ ಪ್ರಶ್ನೆ ಕೇಳದೆ ಉಳಿಯಿತು.

ಕೇಳಿದರೂ ಉತ್ತರ ಸುಲಭವಲ್ಲ. ಆ ಪಾತ್ರವನ್ನು ಧರಿಸುವವರು ಯಾರು? ತನ್ನ ಮುತ್ತಜ್ಜನ ಸಂಕೋಲೆಯನ್ನು ವಾರಾಂತ್ಯದಲ್ಲಿ ತೊಟ್ಟು ತೋರಿಸೆಂದು ಯಾರನ್ನು ಕೇಳಬಹುದು? ವರ್ಜೀನಿಯದ ವಿಲಿಯಮ್ಸ್‌ಬರ್ಗ್ ಎಂಬ ಪುನರ್ನಿರ್ಮಿತ ಪಟ್ಟಣವು ರಣಭೂಮಿಯಲ್ಲದಿದ್ದರೂ ಸಜೀವ ಇತಿಹಾಸಕ್ಕೆ ಹೆಸರಾದುದು. ಅಲ್ಲಿ 1994ರ ಅಕ್ಟೋಬರಿನಲ್ಲಿ ಕಪ್ಪು ಜನರೇ ಆದ ನೌಕರರು ಗುಲಾಮರ ಹರಾಜನ್ನು ಅಭಿನಯಿಸಿದಾಗ ಪ್ರತಿಭಟನೆ ನಡೆಯಿತು. ಇದು ವಿನೋದದ ವಸ್ತುವಾಗುತ್ತದೆಂಬ ಭಯ ಪ್ರತಿಭಟಿಸಿದವರದು. ಆದರೆ ನೋಡಿ ಮುಗಿಸಿದ ಮೇಲೆ ಅವರಲ್ಲಿ ಒಬ್ಬ ಮುಂದಾಳು ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡನು. ಎರಡು ಪಕ್ಷಗಳಲ್ಲಿಯೂ ನ್ಯಾಯವಿದೆ. ರಣಭೂಮಿಗಳ ಮಟ್ಟಿಗೆ, ಯುದ್ಧಕ್ಕೆ ಗುಲಾಮಗಿರಿಯು ಹೇಗೆ ಕಾರಣವಾಯಿತೆಂಬುದನ್ನು ವಿವರಣೆಗಳಲ್ಲಿ ಸೇರಿಸುವಂತೆ 2000ನೆಯ ವರ್ಷದ ಆಯವ್ಯಯದ ಸಂದರ್ಭದಲ್ಲಿ ಅಮೆರಿಕದ ಸಂಸತ್ತು ಸೂಚಿಸಿತು. ಗೆಟಿಸ್‌ಬರ್ಗಿನಲ್ಲಿ 2008ರಲ್ಲಿ ತೆರೆದ ಹೊಸ ವಸ್ತುಸಂಗ್ರಹಾಲಯದಲ್ಲಿ ಈ ವಿಷಯಕ್ಕೆ ಸ್ಥಾನ ದೊರಕಿತು.

ವೇಷ ತೊಡದೆಯೂ ತೋರಿಸಬಹುದಾದ ಸ್ಥಳವೊಂದು ಆ ಕಲ್ಲುಗೋಡೆಯ ಮಗ್ಗುಲಲ್ಲಿಯೇ ಇದೆ. ಅದು ಏಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕಪ್ಪು ಬೇಸಾಯಗಾರನ ಸಣ್ಣ ಮನೆ. 12 ಎಕರೆ ಹೊಲ ಅವನದಾಗಿತ್ತು. ದಕ್ಷಿಣದ ದಂಡು ಬರುವ ಸುದ್ದಿ ಕೇಳಿ ಅವನು ಸಂಸಾರಸಮೇತನಾಗಿ ಊರು ಬಿಟ್ಟು ಓಡಿದನು. ಸಿಕ್ಕಿದ್ದರೆ ಅವನ ಗತಿಯೇನಾಗುತ್ತಿತ್ತೆಂಬುದನ್ನು ಮೇಲೆ ಹೇಳಿದೆ. ಪಿಕೆಟ್ಟನ ದಾಳಿಯ ದಿನ ಉತ್ತರದವರ ಸಾಲು ಅವನ ಹೊಲದ ಮೇಲೆಯೇ ನಿಂತಿತ್ತು. ಅವನು ಹಿಂದಿರುಗಿದಾಗ ಬೆಳೆ, ಬೇಲಿ, ಮನೆಯ ಸಾಮಾನು ಎಲ್ಲ ಹಾಳಾಗಿದ್ದವು. 1,028 ಡಾಲರ್ ನಷ್ಟವಾಯಿತೆಂದು ಸರ್ಕಾರಕ್ಕೆ ಅರ್ಜಿ ಕೊಟ್ಟನು. ಬಂದದ್ದು 15 ಡಾಲರ್. ಅದೇ ಊರಿನ ಇನ್ನೊಬ್ಬ ಕಪ್ಪು ರೈತ ಬೇಸಿಲ್ ಬಿಗ್ಸ್, ಹೊಲಗಳಲ್ಲಿ ಅರೆಬರೆಯಾಗಿ ಹೂತಿದ್ದ ಉತ್ತರದ ಸೈನಿಕರ ಶವಗಳನ್ನು ತೆಗೆದು ಹೊಸ ಸ್ಮಶಾನಕ್ಕೆ ಸೇರಿಸುವ ಕೆಲಸವನ್ನು ಆಳುಗಳೊಡನೆ ವಹಿಸಿಕೊಂಡನು. ಹಾಗೆ ಸಾಗಿಸಿದ ಶವಗಳು ಮೂರು ಸಾವಿರಕ್ಕೂ ಹೆಚ್ಚು. ಲಿಂಕನ್ ಭಾಷಣ ಮಾಡಿದ ದಿನ ಆ ಕೆಲಸ ಇನ್ನೂ ಮುಗಿದಿರಲಿಲ್ಲ. ಬ್ರಯನ್ ಮತ್ತು ಬಿಗ್ಸ್ ಇಬ್ಬರ ಸಮಾಧಿಗಳೂ ಇರುವುದು ಆ ಸ್ಮಶಾನದಲ್ಲಲ್ಲ; ಊರಿನ ಕಪ್ಪು ಜನರು ತಮಗಾಗಿ ಮಾಡಿಕೊಂಡ ಲಿಂಕನ್ ಸ್ಮಶಾನವೆಂಬ ಬೇರೆ ನೆಲದಲ್ಲಿ.